'ಶುಗರ್' ಶಬ್ದದ ಮೂಲ



ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ನಿಪ್ಪಾಣಿ ಪೇಟೆಯಲ್ಲಿ ಮರಾಠಿ. ಇವುಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಇಂಗ್ಲಿಷ್ ಎಂದರೆ ಅಂಜಿಕೆ. ಅವರಿಗಾಗಿ ಇಂದು ಒಂದೇ ಶಬ್ದದ ಕಥೆ ಹೇಳುತ್ತೇನೆ: 'ಶುಗರ್'.

ಸಂಸ್ಕೃತದಲ್ಲಿ 'ಶರ್ಕರಾ' ಎಂದರೆ ಮೊದಲು ಸಣ್ಣ ಹರಳುಕಲ್ಲು. ಕಬ್ಬಿನ ರಸ ಕಾಯಿಸಿ ಪಡೆದ ಹರಳಿಗೂ ಅದೇ ಹೆಸರು ಬಂತು. ಪ್ರಾಕೃತದ ಮೂಲಕ ಕನ್ನಡದಲ್ಲಿ ಅದು 'ಸಕ್ಕರೆ'ಯಾಯಿತು. ಫಾರಸಿಯಲ್ಲಿ 'ಶಕರ್', ಅರಬ್ಬಿಯಲ್ಲಿ 'ಸುಕ್ಕರ್' ಆಯಿತು. ಅರಬರು ಕಬ್ಬಿನ ಬೇಸಾಯವನ್ನು ಸಿಸಿಲಿ, ಸ್ಪೇನ್‌ಗಳಿಗೆ ಒಯ್ದರು. ಬೆಳೆಯೊಡನೆ ಹೆಸರೂ ಹೋಯಿತು. ಲ್ಯಾಟಿನ್, ಫ್ರೆಂಚ್ ದಾಟಿ 13ನೆಯ ಶತಮಾನದ ಕೊನೆಗೆ ಇಂಗ್ಲಿಷ್ ಸೇರಿತು. ಬೆಲ್ಲದ ಇಂಗ್ಲಿಷ್ ಹೆಸರು 'ಜ್ಯಾಗರಿ'ಯೂ ಅದೇ ಬೇರಿನದು. ಅದನ್ನು ನಮ್ಮ ಪಶ್ಚಿಮ ಕರಾವಳಿಯಿಂದ ಒಯ್ದವರು ಪೋರ್ಚುಗೀಸರು.

ಚಿಕ್ಕೋಡಿ, ರಾಯಬಾಗ, ಅಥಣಿಯ ಮಕ್ಕಳೇ, ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ ಕಾರ್ಖಾನೆಯ ಫಲಕದ ಮೇಲೆ 'ಶುಗರ್' ಎಂದು ಓದಿದಾಗ ನೆನಪಿಡಿರಿ: ನಿಮ್ಮ ಮನೆಯ ಶಕ್ಕರ್, ಶಾಲೆಯ ಸಕ್ಕರೆ, ಪೇಟೆಯ ಸಾಖರ್ ಎಲ್ಲವೂ ಅದರ ಒಡಹುಟ್ಟುಗಳೇ. ಮನೆಮಾತು ಬಿಟ್ಟರೆ ಮಾತ್ರ ಇಂಗ್ಲಿಷ್ ಬರುತ್ತದೆಂಬ ಮಾತನ್ನು ನಂಬಬೇಡಿರಿ. ಮೂರು ಭಾಷೆ ಬಲ್ಲವರಿಗೆ ನಾಲ್ಕನೆಯದು ಪರಕೀಯವಲ್ಲ.