ರೈತರ ಕೈಯಲ್ಲಿರುವ ಅಳತೆ



ಕೀಟನಾಶಕದ ಬಾಟಲಿಯ ಜೊತೆ ಮಡಚಿಟ್ಟ ಒಂದು ಚೀಟಿ ಬರುತ್ತದೆ. ಅಕ್ಷರ ಸಾಸಿವೆಗಿಂತ ಸಣ್ಣದು. ‘ಪ್ರತಿ ಹೆಕ್ಟೇರಿಗೆ 500 ಮಿಲಿ, 500 ಲೀಟರ್ ನೀರಿನಲ್ಲಿ’ ಎಂಬಂಥ ಸಾಲು ಅದರಲ್ಲಿರುತ್ತದೆ. ತಪ್ಪೇನೂ ಇಲ್ಲ. ಆದರೆ ನಮ್ಮ ರೈತರು ಹೊಲ ಅಳೆಯುವುದು ಎಕರೆ, ಗುಂಟೆಯಲ್ಲಿ. ಬೆನ್ನಿಗೆ ಕಟ್ಟಿಕೊಳ್ಳುವುದು 16 ಲೀಟರಿನ ಕ್ಯಾನು. ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ ಎಂದು ಬದುವಿನ ಮೇಲೆ ಕೂತು ಲೆಕ್ಕ ಹಾಕಲು ಪುರುಸೊತ್ತೆಲ್ಲಿ? ಮುಚ್ಚಳದಲ್ಲಿ ಅಂದಾಜಿಗೆ ಸುರಿದುಕೊಳ್ಳುತ್ತಾರೆ. ಹೆಚ್ಚಾದರೆ ವಿಷ ಮೈಗೂ ಹೌದು, ಮಣ್ಣಿಗೂ ಹೌದು. ಅದೇ ಮಾತನ್ನು ‘16 ಲೀಟರಿನ ಕ್ಯಾನಿಗೆ 16 ಮಿಲಿ’ ಎಂದು ಬರೆದಿದ್ದರೆ ಸಾಕಾಗಿತ್ತು.

ಬಾಟಲಿಯ ಮೇಲಿನ ಬಣ್ಣದ ಗುರುತು ಮಾತ್ರ ಒಳ್ಳೆಯ ಯೋಚನೆ. ಕೆಂಪು ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಓದು ಬಾರದವರಿಗೂ ತಿಳಿಯುತ್ತದೆ. ಹಸಿರು ಕಂಡು ಅಪಾಯವೇ ಇಲ್ಲ ಎಂದುಕೊಳ್ಳಬಾರದು, ಅದೂ ವಿಷವೇ. ಈ ಮಾತು ಗುರುತಿನ ಪಕ್ಕದಲ್ಲೇ ದಪ್ಪಕ್ಷರದಲ್ಲಿರಬೇಕು.

ಇಂಥ ಚೀಟಿ ಬರೆಯುವ ತಜ್ಞರಲ್ಲಿ ನನ್ನದೊಂದು ವಿನಂತಿ. ಅಚ್ಚಿಗೆ ಕಳಿಸುವ ಮುನ್ನ ಒಬ್ಬ ರೈತರ ಕೈಗೆ ಕೊಡಿ, ಬರೀ ನೀರಿನಲ್ಲಿ ಅಳೆದು ತೋರಿಸಲು ಹೇಳಿ. ಅವರು ತಡವರಿಸಿದ ಸಾಲನ್ನು ದಯವಿಟ್ಟು ತಿದ್ದಿ ಬರೆಯಿರಿ.