ನೆಲವನ್ನು ತೆತ್ತವರ ದೇಶಭಕ್ತಿ



ದೇಶಕ್ಕಾಗಿ ಪ್ರಾಣವನ್ನರ್ಪಿಸಿದವರ ಹೆಸರನ್ನು ನಾವು ಭಕ್ತಿಯಿಂದ ಉಚ್ಚರಿಸುತ್ತೇವೆ. ಅದು ಯುಕ್ತವೇ ಸರಿ. ಆದರೆ ಪ್ರಾಣಕ್ಕೆ ಆಧಾರವಾದ ನೆಲವನ್ನೇ ತೆತ್ತು, ಮರುದಿನದ ಗಂಜಿಗೆ ದಾರಿಗಾಣದೆಯೂ ಮನೆಮಂದಿಯೊಡನೆ ಬದುಕಿ ತೋರಿದವರ ತ್ಯಾಗವನ್ನು ಅಳೆಯಬಲ್ಲ ಮಾನದಂಡವು ನಮ್ಮಲ್ಲಿ ಇನ್ನೂ ಸಿದ್ಧವಾಗಿಲ್ಲವೆಂದು ನನಗೆ ತೋರುತ್ತದೆ. ಆದಕಾರಣ ಉತ್ತರ ಕನ್ನಡದ ಅಂಕೋಲೆ, ಸಿದ್ದಾಪುರ ಸೀಮೆಗಳ ಕರನಿರಾಕರಣೆಯ ರೈತರನ್ನು ಕುರಿತು ನಾಲ್ಕು ಮಾತುಗಳನ್ನು ವಿಜ್ಞಾಪಿಸಬಯಸುತ್ತೇನೆ.

ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಜಿಲ್ಲೆಯ ಅಂಕೋಲೆಯಲ್ಲಿ, 1930ರ ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಬ್ರಿಟಿಷ್ ಸರ್ಕಾರದ ಉಪ್ಪಿನ ಕಾಯಿದೆಯ ಭಂಗವಾಯಿತು. ಉಪ್ಪು ಮಾಡಿದವನಿಗೆ ಸೆರೆಮನೆ; ಅವಧಿ ತೀರಿದರೆ ಅವನಿಗೆ ಮನೆಯುಂಟು, ಗದ್ದೆಯುಂಟು. ಚಳವಳಿಯು ಕಂದಾಯವನ್ನೇ ಕೊಡಬಾರದೆಂಬ ಘಟ್ಟಕ್ಕೇರಿದಾಗಲಾದರೋ ಈ ಆಸರೆಯೂ ಹೋಯಿತು. ಜಪ್ತಿಯವರ ಕೈ ಚರಾಸ್ತಿಯನ್ನು ದಾಟಿ ನೆಲದವರೆಗೆ ಬಂದಿತು. ಘಟ್ಟದ ಮೇಲಿನ ಸಿದ್ದಾಪುರ ಸೀಮೆಯಲ್ಲಿ ಅಡಕೆಯ ತೋಟವೆಂದರೆ ತಂದೆ ನೆಟ್ಟು ಮಗನು ಉಣ್ಣುವ ಆಸ್ತಿ. ಅದು ಲಿಲಾವಾದರೆ ಹಿರಿಯರ ದುಡಿಮೆಯೂ ಮಕ್ಕಳ ಅನ್ನವೂ ಒಟ್ಟಿಗೆ ಪರರ ಪಾಲಾದಂತೆಯೇ.

ಚಳವಳಿಗೆ ವಿರಾಮವಿತ್ತ 1931ರ ಗಾಂಧಿ-ಇರ್ವಿನ್ ಒಪ್ಪಂದದಂತೆ, ಸರ್ಕಾರದ ವಶದಲ್ಲಿದ್ದ ಭೂಮಿ ಒಡೆಯರಿಗೆ ಮರಳಬೇಕೆಂದೂ, ಪರರಿಗೆ ಮಾರಾಟವಾದುದು ಮಾತ್ರ ಮರಳಲಾರದೆಂದೂ ನಿರ್ಧಾರವಾಯಿತು. ಹೀಗೆ ಕಳೆದುಕೊಳ್ಳುವುದೆಂದರೇನೆಂಬುದನ್ನು ಕಣ್ಣಾರೆ ಕಂಡ ಮೇಲೆಯೂ, 1932ರಲ್ಲಿ ಹೋರಾಟ ಮತ್ತೆ ಮೊದಲಾದಾಗ, ಆ ಸೀಮೆಯ ರೈತರು ಮತ್ತೆ ಕಂದಾಯವನ್ನು ನಿರಾಕರಿಸಿದರು. ಮೊದಲ ಸಲದ ತ್ಯಾಗದಲ್ಲಿ ಉತ್ಸಾಹಕ್ಕೂ ಒಂದು ಪಾಲುಂಟು. ಎರಡನೆಯ ಸಲದ್ದು ಬೆಲೆಯನ್ನರಿತು ತೆತ್ತದ್ದು. ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯನ್ನು ನೆನೆದು ಅಂಕೋಲೆಗೆ ಕರ್ನಾಟಕದ ಬಾರ್ಡೋಲಿಯೆಂಬ ಹೆಸರು ಸುಮ್ಮನೆ ಬಂದುದಲ್ಲ.

ಇದಕ್ಕಿಂತಲೂ ಕಠಿನವಾದ ಪರೀಕ್ಷೆಯೊಂದಿತ್ತು. ಲಿಲಾವಿನಲ್ಲಿ ಭೂಮಿಯನ್ನು ಕೂಗಿ ಕೊಂಡವನು ಕಡಲಾಚೆಯ ಆಂಗ್ಲನಲ್ಲ, ಇದೇ ನಾಡಿನವನು. ದೇಶವನ್ನು ಪ್ರೀತಿಸುವವನು ಇಂಥ ದೇಶಬಾಂಧವನನ್ನು ಏನು ಮಾಡಬೇಕು? ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಇದಕ್ಕೆ ಉತ್ತರವಿತ್ತವರು ಸ್ತ್ರೀಯರು. ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಅವರು ಉಪವಾಸ ಕುಳಿತರು. ಉಪವಾಸವೂ ಒಂದು ಬಗೆಯ ಬಲಾತ್ಕಾರವಲ್ಲವೇ ಎಂದು ವಿಚಾರಶೀಲರು ಕೇಳಬಹುದು. ಆ ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ. ಆದರೂ ಬಡಿಗೆ, ಬೆಂಕಿ, ಸೇಡುಗಳ ಸುಲಭಮಾರ್ಗವು ತೆರೆದಿರುವಾಗ ನೋವನ್ನು ತಮ್ಮ ಮೈಮೇಲೆಯೇ ಎಳೆದುಕೊಂಡವರು, ಎದುರಿನವನಲ್ಲಿಯೂ ಕರಗಬಲ್ಲ ಹೃದಯವೊಂದಿದೆಯೆಂದು ನಂಬಿದ್ದರೆಂಬುದರಲ್ಲಿ ಸಂದೇಹವಿಲ್ಲ. ಕೊಂಡವನು ನಾಳೆಯೂ ಅದೇ ಊರಿನವನೇ. ಸ್ವರಾಜ್ಯ ಬಂದಾಗ ಅದರಲ್ಲಿ ಅವನಿಗೂ ಪಾಲಿರತಕ್ಕದ್ದೇ.

1937ರಲ್ಲಿ ಬಾಳಾಸಾಹೇಬ ಖೇರರ ಕಾಂಗ್ರೆಸ್ ಮಂತ್ರಿಮಂಡಲವು ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದ ಬಳಿಕವಷ್ಟೇ ಭೂಮಿಗಳು ಹಿಂದಿರುಗುವ ದಾರಿ ತೆರೆಯಿತು. ಆದರೆ ತೆತ್ತ ದಿನ ಈ ಭರವಸೆಯನ್ನು ಅವರಿಗೆ ಯಾರೂ ಇತ್ತಿರಲಿಲ್ಲ. ಫಲವನ್ನು ಕಂಡು ಅವರ ತ್ಯಾಗಕ್ಕೆ ಬೆಲೆ ಕಟ್ಟುವುದು ಆದಕಾರಣ ಅನ್ಯಾಯವಾದೀತು. ದೇಶವೆಂಬುದು ನಕ್ಷೆಯಲ್ಲಿಯೂ ಧ್ವಜದಲ್ಲಿಯೂ ಇರುವಂತೆ ನೆರೆಮನೆಯಲ್ಲಿಯೂ ಇದೆ. ಮೊದಲ ಎರಡನ್ನು ವಂದಿಸುವುದು ಸುಲಭ, ಮೂರನೆಯದಕ್ಕಾಗಿ, ಅದು ನಮಗೆ ಅಪಕಾರವೆಸಗಿದಾಗಲೂ, ನಾವು ಏನನ್ನು ತೆರಬಲ್ಲೆವೆಂಬುದರಿಂದಲೇ ನಮ್ಮ ದೇಶಭಕ್ತಿ ನಿರ್ಣಯವಾಗತಕ್ಕದ್ದು.