ಉತಾರ ನಮ್ಮದು, ಬೆವರು ಯಾರದು?

(ಸಮಾಜದ ವಾರ್ಷಿಕ ಸ್ನೇಹಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಗ್ರಾಮಜೀವನ ಮತ್ತು ಒಕ್ಕಲುತನದ ಬಗೆಗೆ ಮಾತನಾಡಬೇಕೆಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ದಾಖಲೆಗಳನ್ನು ಓದುವುದು ನನ್ನ ಕೆಲಸ. ಆದುದರಿಂದ ಒಂದು ದಾಖಲೆಯಿಂದಲೇ ಆರಂಭಿಸುತ್ತೇನೆ. ಅದು ನಿಮ್ಮಲ್ಲಿ ಬಹಳ ಜನರ ಮನೆಯ ಕಪಾಟಿನಲ್ಲಿದೆ. ಸರಕಾರ ಅದನ್ನು ಪಹಣಿ ಎನ್ನುತ್ತದೆ, ನಮ್ಮ ಊರುಗಳಲ್ಲಿ ಉತಾರ ಎನ್ನುತ್ತಾರೆ.

ಬೆಳಗಾವಿ, ಬಾಗಲಕೋಟೆ, ಧಾರವಾಡ ಜಿಲ್ಲೆಗಳ ಜೈನ ಕುಟುಂಬಗಳು ಬಹುಮಟ್ಟಿಗೆ ಒಕ್ಕಲು ಕುಟುಂಬಗಳು. ಮಕ್ಕಳು ಓದಿ ಪುಣೆ, ಮುಂಬಯಿ, ಹೈದರಾಬಾದು ಸೇರಿದರು. ಹೊಲ ಊರಲ್ಲೇ ಉಳಿಯಿತು. 2015–16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಎಂದರೆ ಸುಮಾರು 3 ಎಕರೆ 14 ಗುಂಟೆ. ಇಷ್ಟು ಹೊಲವನ್ನು ದೂರದಲ್ಲಿದ್ದು ಆಳುಗಳಿಂದ ಮಾಡಿಸಿದರೆ ಖರ್ಚೂ ಹುಟ್ಟುವುದಿಲ್ಲ. ಆದುದರಿಂದ ಲಾವಣಿಗೋ ಪಾಲಿಗೋ ಕೊಟ್ಟಿದ್ದೇವೆ. ಎಲ್ಲವೂ ಬಾಯಿಮಾತು.

ಈಗ ಉತಾರವನ್ನು ಓದೋಣ. ಅದರ 9ನೆಯ ಕಾಲಮ್ಮಿನಲ್ಲಿ ಮಾಲೀಕರ ಹೆಸರು, 12ನೆಯ ಕಾಲಮ್ಮಿನಲ್ಲಿ ಸಾಗುವಳಿಯ ವಿವರ. ಹೊಲಕ್ಕೆ ಕಾಲಿಡದೆ ಹತ್ತು ವರ್ಷವಾಗಿದ್ದರೂ ಸಾಗುವಳಿ 'ಸ್ವಂತ' ಎಂದೇ ಇರುತ್ತದೆ. ಇಂಥ ನಮೂದು ಯಾವುದಾದರೂ ಕಂಪನಿಯ ಪುಸ್ತಕದಲ್ಲಿ ಕಂಡಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ.

ಈ ನಮೂದಿನ ಹಿಂದೆ ಒಂದು ಇತಿಹಾಸವಿದೆ. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿದಾರರ ಸ್ವಾಧೀನದಲ್ಲಿದ್ದ ಭೂಮಿ ಸರಕಾರದ ಪಾಲಾಗಿ, ಅಲ್ಲಿಂದ ಉಳುವವನಿಗೆ ಸಂದಿತು. ಲಕ್ಷಾಂತರ ಬಡ ಕುಟುಂಬಗಳು ತಲೆಯೆತ್ತಿ ನಿಂತವು. ಜೊತೆಗೇ, ಕೆಲವು ಅಪವಾದಗಳನ್ನು ಬಿಟ್ಟು, ಹೊಸದಾಗಿ ಗೇಣಿಗೆ ಕೊಡುವುದನ್ನು ಕಾನೂನು ನಿಷೇಧಿಸಿತು. ನಿಷೇಧದಿಂದ ಗೇಣಿ ನಿಲ್ಲಲಿಲ್ಲ. ಕಾಗದದಿಂದ ಮಾತ್ರ ಮಾಯವಾಯಿತು. 2020ರ ತಿದ್ದುಪಡಿಯು ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು, ಆದರೆ ಗೇಣಿದಾರನಿಗೆ ಯಾವ ದಾರಿಯನ್ನೂ ತೋರಿಸಲಿಲ್ಲ.

ಹೀಗೆ ಕಾಗದದಲ್ಲಿಲ್ಲದ ಒಕ್ಕಲಿಗನಿಗೆ ಆಗುವ ನಷ್ಟವನ್ನು ಲೆಕ್ಕ ಹಾಕೋಣ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ರೈತರಿಗೆ 5 ಲಕ್ಷ ರೂಪಾಯಿಯವರೆಗೆ ಬಡ್ಡಿಯಿಲ್ಲದ ಬೆಳೆಸಾಲ ದೊರೆಯುತ್ತದೆ. ಅದಕ್ಕೆ ಉತಾರ ಬೇಕು. ಉತಾರವಿಲ್ಲದವನು 50,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಲ್ಲಿ ತಂದನೆಂದು ಇಟ್ಟುಕೊಳ್ಳಿ; ಎಂಟು ತಿಂಗಳಿಗೆ ಬಡ್ಡಿಯೇ 12,000. ಮಾಲೀಕನಿಗೆ ಸೊನ್ನೆ, ದುಡಿಯುವವನಿಗೆ ಹನ್ನೆರಡು ಸಾವಿರ.

ಇನ್ನು ಬರವೋ ನೆರೆಯೋ ಬಂದರೆ, ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಂತೆ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ 2 ಹೆಕ್ಟೇರಿಗೆ. ಆ ಹಣ ಉತಾರದಲ್ಲಿರುವವನ ಬ್ಯಾಂಕ್ ಖಾತೆಗೆ ಬರುತ್ತದೆ. ಬೀಜ, ಗೊಬ್ಬರ, ಕೂಲಿ ಎಲ್ಲ ಕಳೆದುಕೊಂಡವನು ಊರಲ್ಲಿ. ಪರಿಹಾರದ ಸಂದೇಶ ಮೊಳಗುವುದು ಪುಣೆಯ ಮೊಬೈಲಿನಲ್ಲಿ.

ಪಿ.ಎಂ. ಕಿಸಾನ್ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ. ವರ್ಷಕ್ಕೆ 6,000 ರೂಪಾಯಿಯ ಆ ಯೋಜನೆಯ ನಿಯಮದಲ್ಲಿ ಆದಾಯ ತೆರಿಗೆ ಕಟ್ಟುವವರು ಅರ್ಹರಲ್ಲ. ವೃತ್ತಿನಿರತ ವೈದ್ಯರು, ಎಂಜಿನಿಯರರು, ವಕೀಲರು, ಲೆಕ್ಕಪರಿಶೋಧಕರು ಅರ್ಹರಲ್ಲವೆಂದು ವೃತ್ತಿಗಳನ್ನು ಹೆಸರಿಸಿಯೇ ಬರೆಯಲಾಗಿದೆ. 'ಸರಕಾರ ತಾನಾಗಿ ಕೊಡುತ್ತಿದೆ' ಎಂಬ ಮಾತು ಸಮರ್ಥನೆಯಲ್ಲ. ಯಾರ ಖಾತೆಗಾದರೂ ಬರುತ್ತಿದ್ದರೆ ಹಿಂದಿರುಗಿಸಿ.

ಹಣದ ನಷ್ಟಕ್ಕಿಂತ ದೊಡ್ಡದು ಧ್ವನಿಯ ನಷ್ಟ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಕಟ್ಟಿದ್ದು ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದಕ್ಕಾಗಿ. ಇಂದು ಊರಿನ ಸೊಸೈಟಿಯ ಚುನಾವಣೆ ಶಾಸಕರ ಚುನಾವಣೆಯಷ್ಟೇ ಬಿರುಸು. ಏಕೆಂದರೆ ಸೊಸೈಟಿ ಕೈಯಲ್ಲಿದ್ದರೆ ಜಿಲ್ಲಾ ಬ್ಯಾಂಕಿಗೆ ದಾರಿ, ಅಲ್ಲಿಂದ ರಾಜಕಾರಣದ ದೊಡ್ಡ ಬಾಗಿಲಿಗೆ ದಾರಿ. ಉತಾರವಿಲ್ಲದವನಿಗೆ ಬೆಳೆಸಾಲವಿಲ್ಲ, ಸಾಲವಿಲ್ಲದವನು ಸಾಲಗಾರರ ಕ್ಷೇತ್ರದಿಂದ ನಿಲ್ಲುವಂತಿಲ್ಲ. ಊರಿನ ಹೊಲಗಳನ್ನು ನಿಜವಾಗಿ ಉಳುವವರು ಹೊರಗೆ ನಿಂತಿರುವಾಗ, ವರ್ಷಕ್ಕೊಮ್ಮೆ ಜಾತ್ರೆಗೆ ಹೋಗುವ ನಾವು ಮತದಾರರ ಪಟ್ಟಿಯಲ್ಲಿದ್ದೇವೆ. ನಮ್ಮ ಆ ಒಂದು ದಿನದ ಮತಕ್ಕಾಗಿ ಬಸ್ಸು ಮಾಡಿ ಕರೆದೊಯ್ಯುವವರು ಯಾರು, ಏಕೆ ಎಂಬುದನ್ನು ನೀವೇ ಯೋಚಿಸಿ.

'ಬರೆದುಕೊಟ್ಟರೆ ಹೊಲ ಹೋಗುತ್ತದೆ' ಎಂದು ಹಿರಿಯರು ಅನ್ನುತ್ತಾರೆ. ಆ ಭಯ ಸುಳ್ಳಲ್ಲ, ಅದು 1974ರ ನೆನಪು. ಆದರೆ ಆ ಕಾನೂನು ಹಕ್ಕು ಕೊಟ್ಟದ್ದು ಅಂದಿನ ಗೇಣಿದಾರರಿಗೆ. ಅರ್ಜಿಯ ಕಾಲ ಮುಗಿದು ದಶಕಗಳೇ ಕಳೆದಿವೆ. ಭಯಕ್ಕೆ ಪರಿಹಾರವನ್ನು ಬೇರೆಡೆ ಹುಡುಕಿದ್ದಾರೆ. ನೀತಿ ಆಯೋಗ 2016ರಲ್ಲಿ ಮಾದರಿ ಗೇಣಿ ಕಾಯಿದೆಯನ್ನು ಮುಂದಿಟ್ಟಿತು. ಆಂಧ್ರಪ್ರದೇಶ 2019ರಲ್ಲಿ ಬೆಳೆಗಾರರ ಹಕ್ಕಿನ ಕಾಯಿದೆ ಮಾಡಿತು: ಹನ್ನೊಂದು ತಿಂಗಳ ಒಪ್ಪಂದ, ಗೇಣಿದಾರನಿಗೆ ಬೆಳೆಯ ಮೇಲೆ ಹಕ್ಕು, ಮಾಲೀಕನ ಭೂಮಿಯ ಹಕ್ಕಿಗೆ ಧಕ್ಕೆಯಿಲ್ಲ. ಆದರೂ ಅಲ್ಲಿ ಒಂದು ತೊಡಕಿದೆ. ಅದಕ್ಕೆ ಮಾಲೀಕನ ಸಹಿ ಬೇಕು, ಮಾಲೀಕ ಸಹಿ ಹಾಕಲು ಹಿಂಜರಿಯುತ್ತಾನೆ. ಎಂದರೆ ಎಷ್ಟು ಒಳ್ಳೆಯ ಕಾನೂನು ಬಂದರೂ ಕೊನೆಗೆ ಅದು ನಮ್ಮಂಥವರ ಪೆನ್ನಿನ ತುದಿಯಲ್ಲಿ ನಿಲ್ಲುತ್ತದೆ.

ಕಾನೂನು ಬದಲಾಗುವವರೆಗೆ ಸುಮ್ಮನಿರಬೇಕಿಲ್ಲ. ಬೆಳೆ ಪರಿಹಾರವಾಗಲಿ ವಿಮೆಯಾಗಲಿ ನಿಮ್ಮ ಖಾತೆಗೆ ಬಂದರೆ ಅದೇ ವಾರ ಹೊಲ ಮಾಡಿದವನ ಖಾತೆಗೆ ವರ್ಗಾಯಿಸಿ. ಕೈಗೆ ಕೊಡಬೇಡಿ, ಬ್ಯಾಂಕಿನ ಮೂಲಕ ಕಳಿಸಿ, ಗುರುತು ಉಳಿಯಲಿ. ಬೆಳೆ ಹೋದ ವರ್ಷ ಲಾವಣಿ ಬಿಡಿ. ಭೂಮಿಯ ದಾಖಲೆಯಿಲ್ಲದವರಿಗೂ ಸಾಲ ಸಿಗಲೆಂದು ನಬಾರ್ಡ್ ಪ್ರೋತ್ಸಾಹಿಸಿರುವ ಜಂಟಿ ಹೊಣೆಗಾರಿಕೆ ಗುಂಪುಗಳಿವೆ. ಅವುಗಳ ವಿಷಯ ತಿಳಿಸಿ, ಬ್ಯಾಂಕಿಗೆ ಜೊತೆಗೆ ಹೋಗಿ. ಊರಿಗೆ ಹೋಗುವ ದಿನವನ್ನು ಜಾತ್ರೆಗಷ್ಟೇ ಅಲ್ಲ, ಗ್ರಾಮಸಭೆಗೂ ಹೊಂದಿಸಿಕೊಳ್ಳಿ. ಪಂಚಾಯಿತಿಯ ಲೆಕ್ಕವನ್ನು ಓದಬಲ್ಲ ನಮ್ಮವರು ಅಲ್ಲಿ ಕುಳಿತರೆ ಊರಿಗೆ ಉಪಕಾರ. ಇನ್ನು ಮಕ್ಕಳು ಹಿಂದಿರುಗುವುದಿಲ್ಲವೆಂದು ಖಚಿತವಾದವರು ಹೊಲವನ್ನು ಮಾರುವುದಾದರೆ, ಬಡಾವಣೆ ಮಾಡುವವನಿಗೆ ಫೋನು ಮಾಡುವ ಮೊದಲು ಇಷ್ಟು ವರ್ಷ ಅದನ್ನು ಉತ್ತವನನ್ನು ಕೇಳಿ. ಕಂತಿನಲ್ಲಿ ಕೊಡುವ ಅವಕಾಶವನ್ನೂ ಮಾಡಿಕೊಡಿ.

ಇವುಗಳಲ್ಲಿ ಯಾವುದಕ್ಕೂ ವಿಧಾನಸಭೆಯ ಅನುಮತಿ ಬೇಕಿಲ್ಲ. ಈ ಬಾರಿ ಮುಂಗಾರಿಗೆ ಮುನ್ನ ನಿಮ್ಮ ಉತಾರವನ್ನು ತೆಗೆದು 12ನೆಯ ಕಾಲಮ್ಮನ್ನು ಮನೆಯವರೆಲ್ಲ ಕೂಡಿ ಓದಿ. ಅಲ್ಲಿರಬೇಕಾದ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿದೆಯೇ ಎಂದು ಕೇಳಿ ನೋಡಿ.